ಬದುಕಿರುವವರ ಚರಿತ್ರೆ

ಸತ್ತವರ ಚರಿತ್ರೆಯನ್ನು ಬರೆಯುವವನಿಗೆ ಒಂದು ಸೌಕರ್ಯವಿದೆ. ಬರೆದದ್ದು ತಪ್ಪಾಗಿದ್ದರೆ ಆಕ್ಷೇಪಿಸುವವರು ಇತರ ವಿದ್ವಾಂಸರೇ ಹೊರತು ಚರಿತ್ರನಾಯಕನಲ್ಲ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ಹೊರಬಂದದ್ದು 1907ರಲ್ಲಿ, ಮೂರನೆಯದು 1929ರಲ್ಲಿ. ಅಂದಿನಿಂದ ಇಂದಿನವರೆಗೆ ನಮ್ಮ ಪ್ರಾಚೀನ ಕವಿಗಳ ಕಾಲ, ಸ್ಥಳ, ಮತಗಳನ್ನು ಕುರಿತು ನಡೆದಿರುವ ವಾದಗಳಿಗೆ ಲೆಕ್ಕವಿಲ್ಲ. ಹಾಗಿದ್ದೂ ಯಾವ ಕವಿಯೂ ಬಂದು, “ಸ್ವಾಮಿ, ನಾನು ಆ ಶತಮಾನದವನಲ್ಲ, ನನ್ನ ಊರು ಅದಲ್ಲ” ಎಂದು ಆಚಾರ್ಯರಲ್ಲಿ ದೂರು ಹೇಳಿದ್ದಿಲ್ಲ.

ಈಗ ಕಾಲ ಬೇರೆಯಾಗಿದೆ. 2001ರಲ್ಲಿ ಇಂಗ್ಲಿಷಿನಲ್ಲಿಯೂ 2003ರಲ್ಲಿ ಕನ್ನಡದಲ್ಲಿಯೂ ಆರಂಭವಾದ ವಿಕಿಪೀಡಿಯವೆಂಬ ಅಂತರ್ಜಾಲ ವಿಶ್ವಕೋಶದಲ್ಲಿ ಬದುಕಿರುವವರ ಚರಿತ್ರೆಗಳು ಲಕ್ಷಗಟ್ಟಲೆ ಇವೆ. ಬರೆಯುವವರು ಯಾರು ಬೇಕಾದರೂ ಆಗಬಹುದು. ಬರೆದ ಸಂಜೆಯೇ ಚರಿತ್ರನಾಯಕನು ಅದನ್ನು ಓದಬಹುದು. ಸಭೆಗಳಲ್ಲಿ ಅತಿಥಿಗಳ ಪರಿಚಯ ಮಾಡಿಕೊಡುವ ಮಹನೀಯರು ಇಂದು ಮೊದಲು ತೆರೆದು ನೋಡುವುದು ಈ ಕೋಶವನ್ನೇ. ಅತಿಥಿಗಳು ವೇದಿಕೆಯ ಮೇಲೆ ಕುಳಿತು, ತಾವೆಂದೂ ಬರೆಯದ ಕಾದಂಬರಿಯೊಂದರ ಹೆಸರು ಕೇಳಿಬಂದಾಗ ಹೂವಿನ ಹಾರದ ಮರೆಯಲ್ಲಿ ಮುಗುಳ್ನಗುವುದನ್ನು ನಾನು ಕಂಡಿದ್ದೇನೆ. ಎದ್ದು ನಿಂತು ತಿದ್ದುವುದು ಸಭಾಮರ್ಯಾದೆಯಲ್ಲ. ಮರುದಿನದ ಪತ್ರಿಕೆಯಲ್ಲಿ ಆ ಕಾದಂಬರಿ ಅವರ ಕೃತಿಗಳ ಪಟ್ಟಿಯನ್ನು ಸೇರಿರುತ್ತದೆ.

ಇಂಥ ತಪ್ಪನ್ನು ತಿದ್ದುವ ಅಧಿಕಾರ ಯಾರಿಗೆ? ತನ್ನ ಬದುಕಿನ ವಿಷಯದಲ್ಲಿ ತಾನಲ್ಲದೆ ಪ್ರಮಾಣ ಯಾರು ಎಂದು ಚರಿತ್ರನಾಯಕನು ಕೇಳುತ್ತಾನೆ. ನೀನು ಹೇಳಿದರೆ ಸಾಲದು, ಅಚ್ಚಾದ ಆಧಾರ ಬೇಕು ಎಂದು ಕೋಶ ಹೇಳುತ್ತದೆ. ಕೇಳಿದ ಕೂಡಲೆ ನಮ್ಮ ಸಹಾನುಭೂತಿ ಚರಿತ್ರನಾಯಕನ ಕಡೆಗೇ ಹೋಗುತ್ತದೆ. ಆದರೆ ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಬೆರೆತುಕೊಂಡಿವೆ ಎಂದು ನನ್ನ ಭಾವನೆ. ಅವನ್ನು ಬಿಡಿಸಿ ನೋಡದಿದ್ದರೆ ಕೋಶಕ್ಕೂ ನ್ಯಾಯ ದೊರೆಯದು, ಮನುಷ್ಯನಿಗೂ ದೊರೆಯದು.

ಮೊದಲನೆಯದು ಅಪವಾದ. ಜಾನ್ ಸೀಗೆನ್‌ಥಾಲರ್ ಅಮೆರಿಕದ ಟೆನಸೀ ಸೀಮೆಯ ಹೆಸರಾದ ಪತ್ರಿಕಾಕರ್ತರು. 1960ರ ಹೊತ್ತಿನಲ್ಲಿ ರಾಬರ್ಟ್ ಕೆನಡಿಯವರ ಸಹಾಯಕರಾಗಿದ್ದವರು. 1961ರಲ್ಲಿ ಕರಿಯರ ಸಮಾನ ಹಕ್ಕಿಗಾಗಿ ಬಸ್ಸಿನಲ್ಲಿ ಹೊರಟ ಯಾತ್ರಿಕರನ್ನು ಮಾಂಟ್‌ಗೊಮರಿ ನಗರದಲ್ಲಿ ಗುಂಪೊಂದು ಅಡ್ಡಗಟ್ಟಿ ಹೊಡೆದಾಗ, ಬಿಡಿಸಲು ಹೋಗಿ ತಲೆಗೆ ಪೆಟ್ಟು ತಿಂದು ಪ್ರಜ್ಞೆ ತಪ್ಪಿ ಬಿದ್ದವರು. ರಾಬರ್ಟ್ ಕೆನಡಿ ಕೊಲೆಯಾದಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಒಬ್ಬರು. 2005ರ ಮೇ ತಿಂಗಳಲ್ಲಿ ಯಾರೋ ಒಬ್ಬನು ತನ್ನ ಜೊತೆ ಕೆಲಸ ಮಾಡುವವನನ್ನು ಮೋಜಿಗೆ ಬೆಚ್ಚಿಬೀಳಿಸಲೆಂದು ಇವರ ಹೆಸರಿನಲ್ಲಿ ಒಂದು ಪುಟ್ಟ ಚರಿತ್ರೆಯನ್ನು ಬರೆದು ಕೋಶಕ್ಕೆ ಸೇರಿಸಿದನು. ಕೆನಡಿ ಸೋದರರಿಬ್ಬರ ಕೊಲೆಯಲ್ಲಿಯೂ ಇವರ ಕೈ ಇತ್ತೆಂದು ಸ್ವಲ್ಪ ಕಾಲ ಭಾವಿಸಲಾಗಿತ್ತು, ಏನೂ ಸಾಬೀತಾಗಲಿಲ್ಲ ಎಂಬುದು ಅದರ ಸಾರಾಂಶ. ಹದಿಮೂರು ವರ್ಷ ಸೋವಿಯತ್ ದೇಶದಲ್ಲಿ ಇದ್ದು ಬಂದರೆಂಬ ಒಗ್ಗರಣೆಯೂ ಇತ್ತು. ಈ ಬರಹ ನಾಲ್ಕು ತಿಂಗಳಿಗೂ ಮೇಲ್ಪಟ್ಟು ಹಾಗೆಯೇ ನಿಂತಿತು. ಬೇರೆ ತಾಣಗಳು ಅದನ್ನು ಇದ್ದಂತೆಯೇ ಎತ್ತಿಕೊಂಡವು. ಕಡೆಗೆ ಆ ವರ್ಷದ ನವೆಂಬರ್ 29ರಂದು, ಎಪ್ಪತ್ತೆಂಟು ವರ್ಷದ ಆ ಹಿರಿಯರು ‘ಯು.ಎಸ್.ಎ. ಟುಡೇ’ ಪತ್ರಿಕೆಯಲ್ಲಿ ಲೇಖನ ಬರೆದು ಇದನ್ನು ಲೋಕಕ್ಕೆ ತಿಳಿಸಬೇಕಾಯಿತು.

ಆ ಸುಳ್ಳಿನ ವಾಕ್ಯರಚನೆಯನ್ನು ನೋಡಿ. “ಇವರು ಕೊಲೆಗಾರರು” ಎಂದು ಬರೆದಿದ್ದರೆ ನಾಲ್ಕು ತಿಂಗಳಲ್ಲ, ನಾಲ್ಕು ದಿನವೂ ನಿಲ್ಲುತ್ತಿರಲಿಲ್ಲವೇನೋ. “ಭಾವಿಸಲಾಗಿತ್ತು” ಎಂಬಲ್ಲಿದೆ ಅದರ ವಿಷವೆಲ್ಲ. ಭಾವಿಸಿದವರು ಯಾರು? ಪೋಲೀಸರೆ, ನ್ಯಾಯಾಲಯವೆ, ಪತ್ರಿಕೆಗಳೆ? ಕರ್ತೃವಿಲ್ಲದ ವಾಕ್ಯಕ್ಕೆ ಸಾಕ್ಷಿಯನ್ನು ಕರೆಯುವುದು ಹೇಗೆ? “ಸಾಬೀತಾಗಲಿಲ್ಲ” ಎಂಬ ಮಾತು ನ್ಯಾಯಬುದ್ಧಿಯ ವೇಷ ಹಾಕಿಕೊಂಡು ಬಂದು, ಹುಟ್ಟದೇ ಇದ್ದ ಸಂಶಯವನ್ನು ಹುಟ್ಟಿಸಿ ಹೋಗುತ್ತದೆ. ಕರ್ಮಣಿ ಪ್ರಯೋಗ ಆಡುಗನ್ನಡಕ್ಕೆ ಅಷ್ಟಾಗಿ ಒಗ್ಗಿದ್ದಲ್ಲ. ನಮ್ಮ ಹಳ್ಳಿಯವರು ಗಾಳಿಮಾತನ್ನು ಹೇಳುವಾಗಲೂ “ಯಾರೋ ಅಂದರು” ಎನ್ನುತ್ತಾರೆ. ಅಲ್ಲಿ ಹೆಸರಿಲ್ಲದಿದ್ದರೂ ಒಬ್ಬ ಮನುಷ್ಯನಾದರೂ ಇದ್ದಾನೆ. ಪತ್ರಿಕೆಗಳ ಕನ್ನಡ “ಎನ್ನಲಾಗಿದೆ”, “ಹೇಳಲಾಗುತ್ತದೆ”, “ನಂಬಲಾಗಿದೆ” ಎಂಬ ಪದಗಳನ್ನು ಎರವಲು ತಂದು ಆ ಒಬ್ಬ ಮನುಷ್ಯನನ್ನೂ ಓಡಿಸಿಬಿಟ್ಟಿತು. ಬದುಕಿರುವವರ ಚರಿತ್ರೆಯಲ್ಲಿ ಈ ಮೂರು ಪದಗಳಲ್ಲಿ ಒಂದು ಕಣ್ಣಿಗೆ ಬಿದ್ದರೆ ಅಲ್ಲಿಯೇ ನಿಂತು ಎರಡನೆಯ ಸಲ ಓದಬೇಕೆಂದು ನಾನು ವಾಚಕರಲ್ಲಿ ಬೇಡುತ್ತೇನೆ. ತಪ್ಪು ಹೆಚ್ಚಾಗಿ ಮನೆಮಾಡಿಕೊಂಡಿರುವುದು ಅಂಥ ಸಂದುಗಳಲ್ಲಿಯೇ.

ಅಪವಾದ ಕಾಗದದ ಮೇಲೆಯೇ ಉಳಿಯುವುದಿಲ್ಲ. ತುರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಅಧ್ಯಾಪಕರಾಗಿದ್ದ ಇತಿಹಾಸಕಾರ ಟಾನೆರ್ ಅಕ್ಚಾಮ್, ಆರ್ಮೀನಿಯನರ ಮಾರಣಹೋಮವನ್ನು ಕುರಿತು ನಿಷ್ಠುರವಾಗಿ ಬರೆದು ಸ್ವದೇಶದ ಹಲವರ ದ್ವೇಷವನ್ನು ಕಟ್ಟಿಕೊಂಡವರು. 2007ರ ಫೆಬ್ರವರಿಯಲ್ಲಿ ಉಪನ್ಯಾಸಕ್ಕೆಂದು ಕೆನಡಾದ ಮಾಂಟ್ರಿಯಲ್ ನಗರಕ್ಕೆ ಬಂದಿಳಿದಾಗ ವಿಮಾನನಿಲ್ದಾಣದಲ್ಲಿ ಅವರನ್ನು ಗಂಟೆಗಟ್ಟಲೆ ತಡೆದು ನಿಲ್ಲಿಸಿದರು. ಕಾರಣ ಕೇಳಿದ್ದಕ್ಕೆ ಅಧಿಕಾರಿ ತೋರಿಸಿದ್ದು ಅವರದೇ ವಿಕಿಪೀಡಿಯ ಚರಿತ್ರೆಯ ಅಚ್ಚುಪ್ರತಿ. ವಿರೋಧಿಗಳು ಅದರೊಳಗೆ ನುಗ್ಗಿ ಅವರನ್ನು ಭಯೋತ್ಪಾದಕನೆಂದು ಬಣ್ಣಿಸಿದ್ದರು. ಕೋಶದಲ್ಲಿ ಆ ಮಾತು ಅಳಿಸಿಹೋದರೂ ಅಧಿಕಾರಿಯ ಕೈಯ ಹಾಳೆಯಲ್ಲಿ ಅದು ಉಳಿದಿತ್ತು.

ಸೀಗೆನ್‌ಥಾಲರ್ ಪ್ರಕರಣದ ಬೆನ್ನಿಗೇ, 2005ರ ಡಿಸೆಂಬರಿನಲ್ಲಿ, ಇಂಗ್ಲಿಷ್ ಕೋಶವು ಎರಡು ಕ್ರಮಗಳನ್ನು ಕೈಗೊಂಡಿತು. ಹೆಸರು ನೋಂದಾಯಿಸದವರು ಹೊಸ ಪುಟಗಳನ್ನು ಆರಂಭಿಸಬಾರದೆಂಬುದು ಒಂದು. ಬದುಕಿರುವವರ ಚರಿತ್ರೆಗಳಿಗಾಗಿಯೇ ಪ್ರತ್ಯೇಕವಾದ ನಿಯಮವನ್ನು ರೂಪಿಸಿದ್ದು ಇನ್ನೊಂದು. ಈ ನಿಯಮದ ತಿರುಳು ಬಹಳ ಸರಳ: ಬದುಕಿರುವ ವ್ಯಕ್ತಿಯನ್ನು ಕುರಿತು ಆಧಾರವಿಲ್ಲದ ವಿವಾದದ ಮಾತು ಕಂಡರೆ, ಚರ್ಚೆಗೆ ಕಾಯದೆ, ಕೂಡಲೆ ತೆಗೆದುಹಾಕಬೇಕು. ತೆಗೆಯುವವನು ಏನನ್ನೂ ರುಜುಪಡಿಸಬೇಕಾದ್ದಿಲ್ಲ. ರುಜುವಾತಿನ ಹೊರೆ ಇಟ್ಟುಕೊಳ್ಳಬೇಕೆನ್ನುವವನ ಮೇಲೆ. ಇದು ಒಳ್ಳೆಯ ನಿಯಮವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಅಳಿಸುವುದಕ್ಕೂ ಬದಲಿಸುವುದಕ್ಕೂ ಇರುವ ಅಂತರವನ್ನು ಅದು ಗುರುತಿಸುತ್ತದೆ. ಆದರೆ ದೂರು ಹೇಳುವವರಲ್ಲಿ ಹೆಚ್ಚಿನವರು ಈ ಅಂತರವನ್ನೇ ಮರೆತು, ತಪ್ಪನ್ನು ಅಳಿಸಿದ ಉಸಿರಿನಲ್ಲಿಯೇ ತಮಗೆ ಒಪ್ಪುವ ನಾಲ್ಕು ಸಾಲನ್ನು ಸೇರಿಸಲು ಹೊರಡುತ್ತಾರೆ. ಎರಡಕ್ಕೂ ಒಂದೇ ನ್ಯಾಯವಲ್ಲ. ಸುಳ್ಳಿನ ಜಾಗದಲ್ಲಿ ಖಾಲಿ ಇದ್ದರೆ ಯಾರ ಮಾನವೂ ಹೋಗುವುದಿಲ್ಲ.

ಎರಡನೆಯದು ಸಂಗತಿಯ ತಪ್ಪು. ನಿಜವಾದ ತೊಡಕು ಇರುವುದು ಇಲ್ಲಿ.

ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್ 2012ರ ಸೆಪ್ಟೆಂಬರಿನಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯ ತಾಣದಲ್ಲಿ ವಿಕಿಪೀಡಿಯಕ್ಕೆ ಒಂದು ಬಹಿರಂಗಪತ್ರ ಬರೆದರು. ವಿಷಯ ಅವರ ಜೀವನಚರಿತ್ರೆಯದಲ್ಲ. 2000ದಲ್ಲಿ ಪ್ರಕಟವಾದ ‘ದಿ ಹ್ಯೂಮನ್ ಸ್ಟೇನ್’ ಕಾದಂಬರಿಯದು. ಆದರೂ ಬದುಕಿರುವ ಬರಹಗಾರನ ಮನಸ್ಸಿನಲ್ಲಿ ಏನಿತ್ತೆಂಬ ಪ್ರಶ್ನೆಯಾದ್ದರಿಂದ ನಮ್ಮ ವಿಚಾರಕ್ಕೆ ಸಲ್ಲುತ್ತದೆ. ಕಾದಂಬರಿಯ ನಾಯಕ ಕೋಲ್ಮನ್ ಸಿಲ್ಕ್ ಒಬ್ಬ ಪ್ರಾಧ್ಯಾಪಕ. ಕರಿಯರ ಕುಲದಲ್ಲಿ ಹುಟ್ಟಿ, ಅದನ್ನು ಮುಚ್ಚಿಟ್ಟು ಬಿಳಿಯನೆಂದು ಬಾಳಿದವನು. ಈ ಪಾತ್ರಕ್ಕೆ ಅನಾಟೋಲ್ ಬ್ರೊಯಾರ್ಡ್ ಎಂಬ ವಿಮರ್ಶಕರ ಜೀವನ ಸ್ಫೂರ್ತಿಯೆಂದು ಕೋಶದಲ್ಲಿ ಬರೆದಿತ್ತು. ಎನ್ನಲಾಗಿದೆ ಎಂಬ ಬಾಲ ಅಲ್ಲಿಯೂ ಇತ್ತು. ಅಲ್ಲ, ಸ್ಫೂರ್ತಿ ನನ್ನ ಗೆಳೆಯ, ಪ್ರಿನ್ಸ್‌ಟನ್ನಿನ ಸಮಾಜಶಾಸ್ತ್ರಜ್ಞ ಮೆಲ್ವಿನ್ ಟ್ಯೂಮಿನ್ನರ ಬದುಕಿನ ಒಂದು ಘಟನೆ ಎಂದು ರಾತ್ ಹೇಳಿದರು. 1985ರಲ್ಲಿ ಟ್ಯೂಮಿನ್ ಹಾಜರಿ ಕರೆಯುವಾಗ, ಒಂದು ದಿನವೂ ತರಗತಿಗೆ ಬಾರದ ಇಬ್ಬರು ವಿದ್ಯಾರ್ಥಿಗಳನ್ನು ಕುರಿತು, ಅವರು ಇದ್ದಾರೆಯೆ ಅಥವಾ ದೆವ್ವಗಳೆ ಎಂದು ಕೇಳಿದರಂತೆ. ದೆವ್ವಕ್ಕೆ ಅವರು ಬಳಸಿದ ಇಂಗ್ಲಿಷ್ ಪದ ಕರಿಯರನ್ನು ಹೀಯಾಳಿಸುವ ಹಳೆಯ ಬೈಗುಳವೂ ಹೌದು. ಆ ಇಬ್ಬರೂ ಕರಿಯರಾಗಿದ್ದರು. ವಿಚಾರಣೆ ತಿಂಗಳುಗಟ್ಟಲೆ ನಡೆದು ಟ್ಯೂಮಿನ್ ನಿರ್ದೋಷಿಯೆಂದು ಹೊರಬಂದರು.

ಲೇಖಕನೇ ತನ್ನ ಕೃತಿಯ ವಿಷಯದಲ್ಲಿ ದೊಡ್ಡ ಪ್ರಮಾಣವೆಂಬುದು ನಿಜ, ಆದರೂ ಬೇರೆಯವರ ಆಧಾರ ಬೇಕು ಎಂದು ಕೋಶದ ಕಾರ್ಯಕರ್ತರೊಬ್ಬರು ತಿಳಿಸಿದರೆಂಬುದು ರಾತ್ ಅವರ ದೂರು. ಪತ್ರ ಪ್ರಕಟವಾದಾಗ ಜಗತ್ತೆಲ್ಲ ನಕ್ಕಿತು: ಕಾದಂಬರಿ ಬರೆದವನಿಗೆ ಅದರ ಮೂಲ ತಿಳಿಯದು, ಯಾರೋ ಪುಣ್ಯಾತ್ಮನಿಗೆ ತಿಳಿಯುತ್ತದೆ!

ನನಗೆ ಈ ನಗೆಯಲ್ಲಿ ಪಾಲುಗೊಳ್ಳಲಾಗಲಿಲ್ಲ. 1996ರಲ್ಲಿ ಹೆನ್ರಿ ಲೂಯಿಸ್ ಗೇಟ್ಸ್ ಅದೇ ‘ನ್ಯೂಯಾರ್ಕರ್’ನಲ್ಲಿ ಬ್ರೊಯಾರ್ಡರ ಗುಟ್ಟಿನ ಬಾಳನ್ನು ಕುರಿತು ದೀರ್ಘ ಲೇಖನ ಬರೆದಿದ್ದರು. ನಾಲ್ಕು ವರ್ಷಗಳ ಮೇಲೆ ರಾತ್ ಅವರ ಕಾದಂಬರಿ ಬಂದಾಗ ಹಲವು ವಿಮರ್ಶಕರಿಗೆ ಬ್ರೊಯಾರ್ಡ್ ನೆನಪಾದದ್ದು ಸಹಜ. ಅದನ್ನು ಬರೆದೂ ಬರೆದರು. ಓದುಗರು ಹಾಗೆ ಓದಿದರೆಂಬುದು ಸಾಹಿತ್ಯಚರಿತ್ರೆಯ ಒಂದು ಸಂಗತಿ. ಲೇಖಕನ ನಿರಾಕರಣೆಯಿಂದ ಅದು ಇಲ್ಲವಾಗುವುದಿಲ್ಲ. ತನ್ನ ಮನಸ್ಸಿನಲ್ಲಿ ಇದ್ದದ್ದು ಟ್ಯೂಮಿನ್ನರ ಪ್ರಸಂಗವೆಂದು ಲೇಖಕ ಹೇಳಿದನೆಂಬುದು ಇನ್ನೊಂದು ಸಂಗತಿ. ಎರಡೂ ನಿಜ. ಓದುಗರ ಕಣ್ಣಿಗೆ ಕಂಡದ್ದನ್ನು ಲೇಖಕನ ಮನಸ್ಸಿನಲ್ಲಿ ಇದ್ದದ್ದೆಂದು ‘ಸ್ಫೂರ್ತಿ’ ಎಂಬ ಒಂದೇ ಪದದಲ್ಲಿ ಕಟ್ಟಿದ್ದು ಕೋಶದ ತಪ್ಪು. ತನ್ನ ಮಾತು ಬಂದ ಕೂಡಲೆ ಓದುಗರ ಮಾತೆಲ್ಲ ಅಳಿಯಬೇಕೆಂದದ್ದು ಲೇಖಕರ ತಪ್ಪು. ವಿಮರ್ಶೆಯನ್ನು ಕಸುಬಾಗಿ ಉಳ್ಳ ನಮಗೆ ಈ ಜಗಳ ಹೊಸದೇನೂ ಅಲ್ಲ. ಕವಿಯನ್ನೇ ಕೇಳಿ ಕಾವ್ಯಾರ್ಥವನ್ನು ನಿರ್ಣಯಿಸುವುದಾದರೆ ವಿಮರ್ಶಕನಿಗೆ ಉಳಿಯುವ ಕೆಲಸ ಅಂಚೆಯವನದು.

ಇನ್ನೂ ಒಂದು ಸ್ವಾರಸ್ಯವಿದೆ. ಪತ್ರ ಪ್ರಕಟವಾದ ಕೂಡಲೆ ಕೋಶ ತಿದ್ದಿತು. ಏಕೆಂದರೆ ಈಗ ಆಧಾರ ದೊರೆತಿತ್ತು: ಆ ಬಹಿರಂಗಪತ್ರವೇ! ಅದೇ ಮನುಷ್ಯ, ಅದೇ ಮಾತು. ಖಾಸಗಿಯಾಗಿ ಹೇಳಿದಾಗ ಸಾಲದಾಗಿದ್ದದ್ದು ಪ್ರಕಟಿಸಿ ಹೇಳಿದಾಗ ಸಾಲುತ್ತದೆ. ಕೆನಡಾ ಮೂಲದ ಕಾದಂಬರಿಗಾರ್ತಿ ಎಮಿಲಿ ಸೇಂಟ್ ಜಾನ್ ಮ್ಯಾಂಡೆಲ್ ಈ ಮರ್ಮವನ್ನು ರಾತ್ ಅವರಿಗಿಂತ ಚೆನ್ನಾಗಿ ಬಲ್ಲರು. ವಿವಾಹ ವಿಚ್ಛೇದನವಾದ ಮೇಲೂ ಅವರ ಚರಿತ್ರೆಯಲ್ಲಿ ವಿವಾಹಿತೆಯೆಂದೇ ಇತ್ತು. 2022ರ ಡಿಸೆಂಬರಿನಲ್ಲಿ ಅವರು ಕೋಪದ ಪತ್ರ ಬರೆಯಲು ಹೋಗಲಿಲ್ಲ. ಯಾರಾದರೂ ಪತ್ರಕರ್ತರು ನನ್ನನ್ನು ಸಂದರ್ಶಿಸಿ, ವಿಚ್ಛೇದನವಾಗಿದೆಯೆ ಎಂದು ಒಂದು ಪ್ರಶ್ನೆ ಕೇಳಿ ಉತ್ತರವನ್ನು ಅಚ್ಚು ಹಾಕುವಿರಾ ಎಂದು ಸಾರ್ವಜನಿಕವಾಗಿ ಬೇಡಿಕೊಂಡರು. ‘ಸ್ಲೇಟ್’ ಪತ್ರಿಕೆ ಹಾಗೆಯೇ ಮಾಡಿತು. ಚರಿತ್ರೆ ತಿದ್ದಿತು.

ಇದನ್ನು ಕೆಲವರು ಬುದ್ಧಿಗೆಟ್ಟ ಕಾನೂನುಬಾಜಿ ಎನ್ನುತ್ತಾರೆ. ನನಗೆ ಹಾಗೆ ತೋರುವುದಿಲ್ಲ. “ನಾನೇ ಆತ” ಎಂದು ಬರೆದವನು ನಿಜವಾಗಿ ಆತನೇ ಎಂದು ಕೋಶಕ್ಕೆ ತಿಳಿಯುವ ಬಗೆ ಹೇಗೆ? ಆತನೇ ಆದರೂ ತನ್ನ ವಿಷಯದಲ್ಲಿ ತಾನು ನಿಜವನ್ನೇ ಹೇಳುತ್ತಾನೆಂದು ನೆಚ್ಚುವುದು ಹೇಗೆ? ವಿಕಿಪೀಡಿಯದ ಸ್ಥಾಪಕ ಜಿಮ್ಮಿ ವೇಲ್ಸರೇ ತಮ್ಮ ಚರಿತ್ರೆಯನ್ನು ತಾವೇ ಹಲವು ಸಲ ತಿದ್ದಿ, ಸಹಸ್ಥಾಪಕನೆಂದು ಲ್ಯಾರಿ ಸ್ಯಾಂಗರ್ ಅವರಿಗೆ ಇದ್ದ ಪಾಲನ್ನು ಕುಗ್ಗಿಸಿದ್ದು 2005ರ ಡಿಸೆಂಬರಿನಲ್ಲಿ ಬಯಲಾಯಿತು. ಪ್ರಕಟವಾದ ಮಾತಿಗೆ ಹೆಸರಿದೆ, ದಿನಾಂಕವಿದೆ, ನಾಳೆ ತಪ್ಪೆಂದು ಕಂಡರೆ ಹಿಡಿದು ಕೇಳಲು ಒಂದು ಜುಟ್ಟಿದೆ. ಬಾಯಿಮಾತಿಗೆ ಅದಿಲ್ಲ.

ಆದರೆ ಈ ನಿಯಮ ಒಂದು ನಂಬಿಕೆಯ ಮೇಲೆ ನಿಂತಿದೆ. ಅಚ್ಚಿನ ಲೋಕವು ಕೋಶಕ್ಕಿಂತ ಹೆಚ್ಚು ಎಚ್ಚರದಿಂದ ಇರುತ್ತದೆ ಎಂಬುದು ಆ ನಂಬಿಕೆ. ಅದು ಕುಸಿದರೆ ಏನಾಗುತ್ತದೆಂಬುದಕ್ಕೆ ಜರ್ಮನಿಯ ಒಂದು ಪ್ರಸಂಗವನ್ನು ಹೇಳಬೇಕು. 2009ರ ಫೆಬ್ರವರಿಯಲ್ಲಿ ಕಾರ್ಲ್ ಥಿಯೋಡೋರ್ ಗುಟ್ಟೆನ್‌ಬೆರ್ಗ್ ಅಲ್ಲಿಯ ಆರ್ಥಿಕ ವ್ಯವಹಾರಗಳ ಮಂತ್ರಿಯಾದರು. ದೊಡ್ಡ ಮನೆತನ, ಹೆಸರುಗಳೇ ಹತ್ತು. ಪದವಿಗೇರುವ ಮುನ್ನಾದಿನ ಯಾರೋ ಒಬ್ಬ ತುಂಟನು ಕೋಶದಲ್ಲಿ ಆ ಹತ್ತರ ನಡುವೆ ‘ವಿಲ್ಹೆಲ್ಮ್’ ಎಂಬ ಹನ್ನೊಂದನೆಯದನ್ನು ತೂರಿಸಿದನು. ಮರುದಿನ ‘ಬಿಲ್ಡ್’ ಪತ್ರಿಕೆ ಮುಖಪುಟದಲ್ಲಿಯೇ ಹನ್ನೊಂದನ್ನೂ ದಪ್ಪಕ್ಷರದಲ್ಲಿ ಮುದ್ರಿಸಿತು. ಇತರ ಪತ್ರಿಕೆಗಳೂ ಹಿಂಬಾಲಿಸಿದವು. ಕೋಶದೊಳಗೆ ಯಾರೋ ಅನುಮಾನಪಟ್ಟು ಆಧಾರ ಕೇಳಿದಾಗ ಒಂದು ಹೆಸರಾಂತ ಪತ್ರಿಕೆಯ ವರದಿಯನ್ನೇ ಆಧಾರವಾಗಿ ತೋರಿಸಲಾಯಿತು. ಸುಳ್ಳು ಕೋಶದಿಂದ ಹೊರಟು ಪತ್ರಿಕಾಲಯದಲ್ಲಿ ಸ್ನಾನ ಮಾಡಿ, ಮಡಿಯುಟ್ಟು ಮತ್ತೆ ಕೋಶಕ್ಕೆ ಬಂತು. ಇಲ್ಲಿ ಕೋಶದ ತಪ್ಪೆಷ್ಟು, ಪತ್ರಿಕೆಗಳ ತಪ್ಪೆಷ್ಟು? ಕೋಶವಾದರೂ ಆಧಾರ ಕೇಳಿತು. ಪತ್ರಿಕೆಗಳು ಅದನ್ನೂ ಕೇಳಲಿಲ್ಲ.

ಜರ್ಮನಿಯಲ್ಲಿ ಆ ಹೆಸರನ್ನು ಬೇಗನೆ ಕಿತ್ತುಹಾಕಿದರು. ಪರೀಕ್ಷಿಸಲು ಬೇರೆ ದಾಖಲೆಗಳಿದ್ದವು. ನಮ್ಮಲ್ಲಿ?

ಈ ಲೇಖನವನ್ನು ಬರೆಯುವುದಕ್ಕೆ ಮುನ್ನ ನನ್ನ ಕಪಾಟಿನಿಂದ ಇತ್ತೀಚಿನ ವರ್ಷಗಳ ಕನ್ನಡ ಪುಸ್ತಕಗಳನ್ನು ಕೈಗೆ ಸಿಕ್ಕಿದಂತೆ ತೆಗೆದು, ಬೆನ್ನುಡಿಗಳನ್ನೂ ಲೇಖಕರ ಪರಿಚಯಗಳನ್ನೂ ಓದಿದೆ. ಕಥೆಗಾರರು “ಸೂಕ್ಷ್ಮ ಸಂವೇದನೆಯವರು”. ಕವಿಗಳು “ತಮ್ಮದೇ ಆದ ಛಾಪು ಮೂಡಿಸಿದವರು”. “ಹಲವಾರು ಪ್ರತಿಷ್ಠಿತ ಪ್ರಶಸ್ತಿಗಳಿಗೆ ಭಾಜನರು”. ಯಾವ ಪ್ರಶಸ್ತಿ, ಯಾವ ವರ್ಷ, ಯಾವ ಪುಸ್ತಕಕ್ಕೆ? ಇಲ್ಲ. ಹುಟ್ಟಿದ ವರ್ಷ ಕೆಲವರಲ್ಲಿ ಮಾತ್ರ. ಹಿಂದಿನ ಪುಸ್ತಕಗಳ ಪಟ್ಟಿಯಿದ್ದರೂ ಮೊದಲ ಮುದ್ರಣ ಯಾವಾಗ ಎಂಬುದಿಲ್ಲ. ಅಭಿನಂದನ ಗ್ರಂಥಗಳನ್ನು ತೆರೆದರೆ ಅಭಿನಂದನೆ ಧಾರಾಳ, ಗ್ರಂಥ ಕಡಮೆ. ಲೇಖಕರು ಬದುಕಿದ್ದಾಗ, ಕೇಳಿದರೆ ಹೇಳುವಂತಿದ್ದಾಗ, ಕೇಳಿ ಬರೆದಿಡುವವರು ಇಲ್ಲ. ಕೋಶದ ಕಾರ್ಯಕರ್ತನು, ಪಾಪ, ರಾತ್ರಿ ಮನೆಯಲ್ಲಿ ಕುಳಿತು ಸಂಬಳವಿಲ್ಲದೆ ದುಡಿಯುವವನು, ಇಂಥ ಬೆನ್ನುಡಿಗಳಿಂದ ಏನನ್ನು ತಾನೇ ಹಿಂಡಿಯಾನು? ಛಾಪು, ಸಂವೇದನೆಗಳನ್ನೇ ಎತ್ತಿ ಬರೆಯುತ್ತಾನೆ. ಆಮೇಲೆ ಕನ್ನಡ ವಿಕಿಪೀಡಿಯದ ಚರಿತ್ರೆಗಳು ಹೊಗಳಿಕೆಯ ಪುಟಗಳಾಗಿವೆ ಎಂದು ನಾವು ಮೂಗು ಮುರಿಯುತ್ತೇವೆ.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ನಮ್ಮ ಹೆಮ್ಮೆಯ ಕೆಲಸ. 1969ರಲ್ಲಿ ಮೊದಲ ಸಂಪುಟ ಬಂತು. ಹದಿನಾಲ್ಕು ಸಂಪುಟಗಳು ಪೂರ್ತಿಯಾಗುವುದಕ್ಕೆ ದಶಕಗಳು ಹಿಡಿದವು. ಅಕಾರಾದಿಯ ಕ್ರಮದಲ್ಲಿ ಸಾಗುವ ಅಚ್ಚಿನ ಕೋಶದಲ್ಲಿ ಬದುಕಿರುವವರ ಚರಿತ್ರೆಗೆ ಒಂದು ವಿಚಿತ್ರ ಗತಿಯಿದೆ. ‘ಅ’ಕಾರದ ಹೆಸರಿನವರು ಮೊದಲ ಸಂಪುಟದಲ್ಲಿಯೇ ನಿಂತುಬಿಡುತ್ತಾರೆ, ‘ಹ’ಕಾರದವರಿಗೆ ಮುದುಕರಾಗಲು ಅವಕಾಶವಿರುತ್ತದೆ. ಅಂತರ್ಜಾಲದ ಕೋಶಕ್ಕೆ ಈ ಕಷ್ಟವಿಲ್ಲ. ಬೇಕೆಂದಾಗ ತಿದ್ದಬಹುದು. ತಿದ್ದಲು ಬೇಕಾದ ಸಾಮಗ್ರಿಯನ್ನು ಮಾತ್ರ ನಾವು ಒದಗಿಸುತ್ತಿಲ್ಲ.

ಹುಟ್ಟಿದ ದಿನದ ಮಾತನ್ನೇ ತೆಗೆದುಕೊಳ್ಳಿ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಮಂದಿಗೆ ಎರಡು ಜನ್ಮದಿನಗಳು: ತಾಯಿ ಹೆತ್ತದ್ದು ಒಂದು, ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡದ್ದು ಇನ್ನೊಂದು. ಎಸ್. ಎಲ್. ಭೈರಪ್ಪನವರ ಜನ್ಮದಿನವೆಂದು ಎಲ್ಲೆಡೆ ಕಾಣುವ 1931ರ ಆಗಸ್ಟ್ 20 ಶಾಲೆಯ ದಾಖಲೆಯದು. ನಿಜವಾದದ್ದು ಬೇರೆಯೆಂದು ಅವರೇ ಆತ್ಮಕಥೆ ‘ಭಿತ್ತಿ’ಯಲ್ಲಿ ತಿಳಿಸಿದ್ದಾರೆ. ಶಾಲೆಯ ದಾಖಲೆ ಸರ್ಕಾರಿ ಮುದ್ರೆಯುಳ್ಳದ್ದು. ಆತ್ಮಕಥೆ ಬಲ್ಲವನ ಮಾತು. ಇಲ್ಲಿ ಒಂದನ್ನು ಅಳಿಸಿ ಇನ್ನೊಂದನ್ನು ಬರೆದರೆ ಅದು ತಿದ್ದುಪಡಿಯಲ್ಲ, ಪಕ್ಷಪಾತ. ಎರಡನ್ನೂ ಬರೆದು, ಯಾವುದು ಎಲ್ಲಿಯದೆಂದು ಹೇಳಬೇಕು. ಆದರೆ ಹುಡುಕುತಾಣಗಳ ಪಕ್ಕದ ಪೆಟ್ಟಿಗೆಯಲ್ಲಿ ಒಂದೇ ದಿನಾಂಕಕ್ಕೆ ಜಾಗ. ಯಂತ್ರಕ್ಕೆ ಅಡಿಟಿಪ್ಪಣಿಯೆಂದರೆ ಆಗದು. 2012ರಲ್ಲಿ ವಿಕಿಡೇಟಾ ಎಂಬ ಸಾಮಾನ್ಯ ಕಣಜ ಆರಂಭವಾದ ಮೇಲೆ ಒಂದು ಕಡೆ ಬರೆದ ದಿನಾಂಕ ಹಲವು ಭಾಷೆಗಳ ಪುಟಗಳಿಗೆ ತಾನೇ ಹರಿದು ಹೋಗಬಲ್ಲುದು. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದೀತೆಂಬ ಅನುಕೂಲವಿದೆ; ತಪ್ಪಿದರೂ ಎಲ್ಲ ಕಡೆ ತಪ್ಪುತ್ತದೆ.

ಆತ್ಮಕಥೆ ಬರೆದವರ ವಿಷಯವಾದರೂ ಹೀಗೆ ಬಗೆಹರಿಯುತ್ತದೆ. ಬರೆಯದವರು? ಹಿರಿಯ ಗೆಳೆಯರೊಬ್ಬರು, ಮೂರು ಕಥಾಸಂಕಲನಗಳ ಕರ್ತೃಗಳು, ತಮ್ಮ ಊರಿನ ಹೆಸರನ್ನು ಎಲ್ಲಿಯೋ ಯಾರೋ ತಪ್ಪಾಗಿ ಬರೆದಿದ್ದಾರೆಂದೂ ತಾವು ಕಂಡೇ ಇಲ್ಲದ ತಾಲ್ಲೂಕಿನವರು ತಮ್ಮನ್ನು ‘ನಮ್ಮ ಮಣ್ಣಿನ ಮಗ’ನೆಂದು ಸನ್ಮಾನಕ್ಕೆ ಕರೆದಿದ್ದಾರೆಂದೂ ಹೇಳಿದರು. ನಗುತ್ತಲೇ ಹೇಳಿದರಾದರೂ ನಗೆಯ ಹಿಂದೆ ನೋವಿತ್ತು. ಹುಟ್ಟಿದೂರಿನ ನದಿಯನ್ನೇ ಕುರಿತು ಅವರು ಜೀವಮಾನವೆಲ್ಲ ಕಥೆ ಬರೆದಿದ್ದಾರೆ. “ನಿಮ್ಮ ಪುಸ್ತಕಗಳಲ್ಲಿ ಊರಿನ ಹೆಸರು ಎಲ್ಲಾದರೂ ಇದೆಯೆ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಕಥೆಯಲ್ಲಿ ಬೇರೆ ಹೆಸರು ಇಟ್ಟಿದ್ದೇನೆ” ಎಂದರು.

ಪಂಪನು ಈ ವಿಷಯದಲ್ಲಿ ನಮಗಿಂತ ಜಾಣ. 941ರಲ್ಲಿ ರಚಿತವಾದ ‘ಆದಿಪುರಾಣ’ದಲ್ಲಿ ತಾನು ದುಂದುಭಿ ಸಂವತ್ಸರದಲ್ಲಿ ಹುಟ್ಟಿದವನೆಂದು ಅವನೇ ಹೇಳಿಕೊಂಡಿದ್ದಾನೆ. ಅವನು 902ರಲ್ಲಿ ಜನಿಸಿದನೆಂದು ವಿದ್ವಾಂಸರು ನಿರ್ಣಯಿಸಿರುವುದು ಆ ಮಾತಿನಿಂದಲೇ. ಬದುಕಿದ್ದಾಗಲೇ ತನ್ನ ಸಂಗತಿಯನ್ನು ಪ್ರಕಟಿಸಿಬಿಟ್ಟ. ಸಾವಿರ ವರ್ಷದ ಮೇಲೂ ಅದೇ ಆಧಾರ. ವಿಚಿತ್ರವೆಂದರೆ ಇಂಗ್ಲಿಷ್ ವಿಕಿಪೀಡಿಯದ ನಿಯಮವೂ ಹೆಚ್ಚುಕಡಮೆ ಇದೇ. ವ್ಯಕ್ತಿ ತನ್ನ ಹೆಸರಿನಲ್ಲಿ ತಾನೇ ಪ್ರಕಟಿಸಿದ ಮಾತು, ಆತ್ಮಪ್ರಶಂಸೆಯಲ್ಲದಿದ್ದರೆ, ಇತರರ ಮೇಲೆ ಹೇಳಿಕೆಯಲ್ಲದಿದ್ದರೆ, ಅವನದೇ ವಿಷಯಕ್ಕೆ ಆಧಾರವಾಗಬಹುದು. ಹುಟ್ಟೂರು, ಓದಿದ ಶಾಲೆ, ಪುಸ್ತಕಗಳ ವರ್ಷ ಇವಕ್ಕೆಲ್ಲ ಅಷ್ಟು ಸಾಕು. ಮುಂದಿನ ಸಂಕಲನದ ಕೊನೆಯಲ್ಲಿ ಒಂದು ಪುಟ ಬರೆಯಿರಿ ಎಂದು ಗೆಳೆಯರಿಗೆ ಹೇಳಿದ್ದೇನೆ. ಪ್ರಕಾಶಕರು ಆ ಪುಟಕ್ಕೆ ಒಪ್ಪಬೇಕು. ಒಪ್ಪದಿದ್ದರೆ ಛಾಪಿನ ನಾಲ್ಕು ಸಾಲುಗಳನ್ನು ಕಡಿಮೆ ಮಾಡಿಯಾದರೂ ಜಾಗ ಮಾಡಿಕೊಡಬಹುದು.

ತಿದ್ದಹೊರಡುವವರಿಗೆ ಅಲ್ಲಿಯ ರೀತಿಯನ್ನೂ ತಿಳಿಸುವುದು ಲೇಸು. ಪ್ರತಿ ಚರಿತ್ರೆಯ ಹಿಂದೆ ಒಂದು ‘ಇತಿಹಾಸ’ದ ಪುಟವಿದೆ, ಯಾವ ಸಾಲನ್ನು ಯಾವ ದಿನ ಸೇರಿಸಿದರೆಂದು ಅದರಲ್ಲಿ ಕಾಣುತ್ತದೆ. ಪತ್ರಿಕೆಯೊಂದನ್ನು ಆಧಾರವಾಗಿ ಕೊಟ್ಟಿದ್ದರೆ, ಪತ್ರಿಕೆಯ ತಾರೀಖು ಮೊದಲೋ ಕೋಶದ ಸಾಲು ಮೊದಲೋ ಎಂದು ಹೋಲಿಸಿ ನೋಡಬಹುದು. ಸಾಲು ಮೊದಲಾದರೆ ಆ ಆಧಾರದ ಮೇಲೆ ಅನುಮಾನ ಪಡಬೇಕು. ‘ಚರ್ಚೆ’ ಎಂಬ ಇನ್ನೊಂದು ಪುಟವಿದೆ. ಚರಿತ್ರನಾಯಕರೂ ಅವರ ಮಕ್ಕಳೂ ಶಿಷ್ಯರೂ ನೇರವಾಗಿ ಪುಟಕ್ಕೆ ಕೈಹಾಕದೆ, ತಾವು ಯಾರೆಂದು ತಿಳಿಸಿ, ತಪ್ಪು ಯಾವುದು, ಸರಿಗೆ ಆಧಾರವೇನು ಎಂಬುದನ್ನು ಅಲ್ಲಿ ಬರೆಯುವುದು ಮರ್ಯಾದೆಯ ಮಾರ್ಗ. ಜೇರನ್ ಲನಿಯರ್ ಎಂಬ ಗಣಕವಿಜ್ಞಾನಿ, ಎಂದೋ ಒಂದು ಕಿರುಚಿತ್ರ ತೆಗೆದಿದ್ದರಿಂದ ತನ್ನನ್ನು ಚಲನಚಿತ್ರ ನಿರ್ದೇಶಕನೆಂದು ಬರೆದಿದ್ದಾರೆ, ತಿದ್ದಿದರೆ ಮರುದಿನ ಮತ್ತೆ ನಿರ್ದೇಶಕನಾಗಿರುತ್ತೇನೆ ಎಂದು 2006ರಲ್ಲಿ ಬರೆದರು. ಆ ದೂರು ಅಚ್ಚಾದ ಮೇಲೆ ಅದಕ್ಕೂ ಆಧಾರದ ಪದವಿ ಬಂತು. ಕನ್ನಡದ ಚರಿತ್ರೆಗಳ ಚರ್ಚೆಪುಟಗಳನ್ನು ತೆರೆದು ನೋಡಿದರೆ ಬಹುಪಾಲು ಖಾಲಿ. ಎಲ್ಲ ಸರಿಯಾಗಿದೆಯೆಂದು ಇದರ ಅರ್ಥವಲ್ಲ. ಫೋನಿನಲ್ಲಿ ಬೈದುಕೊಳ್ಳುವಷ್ಟು ಸುಲಭವಾಗಿ ನಾವು ಬರೆದು ಕೇಳುವುದಿಲ್ಲ, ಅಷ್ಟೆ.

ಸೀಗೆನ್‌ಥಾಲರ್ ಬರೆದು ಕೇಳಿದರು. ತಮ್ಮನ್ನು ಕೊಲೆಯ ಸಂಶಯಿತನನ್ನಾಗಿ ಮಾಡಿದವನ ಮೇಲೆ ಅವರು ಮೊಕದ್ದಮೆ ಹೂಡಲಿಲ್ಲ. ವಾಕ್‌ಸ್ವಾತಂತ್ರ್ಯಕ್ಕಾಗಿ 1991ರಲ್ಲಿ ಒಂದು ಕೇಂದ್ರವನ್ನೇ ಸ್ಥಾಪಿಸಿದ್ದ ಅವರಿಗೆ ಸರ್ಕಾರದ ಅಂಕುಶ ಬೇಕಿರಲಿಲ್ಲ. ಆತನ ಗುರುತು ಹೊರಬಿದ್ದು ಆತ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗ, ಮತ್ತೆ ಸೇರಿಸಿಕೊಳ್ಳಿ ಎಂದು ಅವನ ಯಜಮಾನನಿಗೆ ತಾವೇ ಹೇಳಿದರು. ಇನ್ನು ಜಿಮ್ಮಿ ವೇಲ್ಸರ ಮಾತು. ಅವರು ಹುಟ್ಟಿದ್ದು 1966ರ ಆಗಸ್ಟ್ 7ರ ರಾತ್ರಿ, ಹನ್ನೆರಡು ಹೊಡೆಯುವುದಕ್ಕೆ ಸ್ವಲ್ಪ ಮುಂಚೆ. ಜನನಪತ್ರದಲ್ಲಿ ಇರುವುದು 8. ಅವರದೇ ಕೋಶದಲ್ಲಿ ಇದನ್ನು ಕುರಿತು ವಾದ ನಡೆದು, ಕಡೆಗೆ ಎರಡು ದಿನಾಂಕಗಳನ್ನೂ ಬರೆದುಕೊಂಡಿದ್ದಾರೆ.